ಶಿವಗಂಗೆಗೆ ಹೋದರೆ ನೀರಿನ ಜಾಡು ಹಿಡಿಯಿರಿ

ತುಮಕೂರು ಹೆದ್ದಾರಿಯಲ್ಲಿ ದಾಬಸ್‌ಪೇಟೆ ಹತ್ತಿರವಾಗುತ್ತಿದ್ದಂತೆ ಎಡಗಡೆ ಶಿವಗಂಗೆ ಬೆಟ್ಟ ಕಣ್ಣಿಗೆ ಬೀಳುತ್ತದೆ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರ. ರಾಗಿ ಹೊಲ, ತೆಂಗು ಅಡಿಕೆಯ ತೋಟಗಳ ನಡುವಿನಿಂದ ಥಟ್ಟನೆ ಎದ್ದು ನಿಂತ ಬೋಳು ಬಂಡೆ. ಒಂದಿಷ್ಟು ಮಣ್ಣು ನಿಂತ ಕಡೆ ಮಾತ್ರ ಹುಲ್ಲು, ತಂಗಡಿ, ಬಂದರೆ, ಕಳ್ಳಿ. ಬೇಸಿಗೆಯಲ್ಲಿ ಕಾದು ಹೋಗುವ ಈ ಕಲ್ಲಿನ ಮೈಯೊಳಗೆ ನೀರಿದೆ ಎಂದರೆ ಹೊಸಬರು ನಂಬುವುದಿಲ್ಲ. ಆದರೆ ಇದೆ. ಬುಡದ ಕಲ್ಯಾಣಿಯಿಂದ ಹಿಡಿದು ತುದಿಯ ತೀರ್ಥಕಂಬದವರೆಗೆ ಈ ಬೆಟ್ಟದಲ್ಲಿ ಜನ ಕೈಮುಗಿಯುವ ಜಾಗಗಳಲ್ಲಿ ಬಹಳಷ್ಟು ನೀರಿನ ಜಾಗಗಳೇ.

ಬೆಂಗಳೂರಿನಿಂದ ಐವತ್ತು ಅರವತ್ತು ಕಿಲೋಮೀಟರ್ ದೂರವಷ್ಟೇ ಆದ್ದರಿಂದ ಶನಿವಾರ ಭಾನುವಾರ ಇಲ್ಲಿ ಜನಸಂದಣಿ. ಕತ್ತಲಲ್ಲೇ ಹೊರಟು, ಏದುಸಿರು ಬಿಡುತ್ತ ತುದಿ ಮುಟ್ಟಿ, ಫೋಟೊ ತೆಗೆದುಕೊಂಡು, ಬಿಸಿಲೇರುವ ಹೊತ್ತಿಗೆ ಕೆಳಗಿಳಿದು ಹೆದ್ದಾರಿಯ ಹೋಟೆಲು ಸೇರುವವರು ಹೆಚ್ಚು. ಹತ್ತುವ ಖುಷಿ ದೊಡ್ಡದೇ, ಅದನ್ನು ಯಾರೂ ಬಿಡಬೇಕಿಲ್ಲ. ಆದರೆ ಶಿವಗಂಗೆಗೆ ಇಡೀ ಒಂದು ದಿನ ಕೊಡಿ, ತುದಿಯನ್ನಲ್ಲ ನೀರನ್ನು ಗುರಿ ಮಾಡಿಕೊಳ್ಳಿ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತೇನೆ. ಹಾಗೆ ಹೋದರೆ ಊರು, ಗುಡಿ, ಗವಿ, ಬಂಡೆ, ಕೆಳಗಿನ ಹೊಲ, ಕೊನೆಗೆ ನಮ್ಮ ಮನೆಯ ನಲ್ಲಿ ಎಲ್ಲವೂ ಒಂದೇ ಕಥೆಯ ತುಣುಕುಗಳೆಂದು ತಿಳಿಯುತ್ತದೆ.

ಹೋಗುವ ದಾರಿ ಸುಲಭ. ತುಮಕೂರು ಕಡೆಯ ಬಸ್ಸು ಹಿಡಿದು ದಾಬಸ್‌ಪೇಟೆಯಲ್ಲಿ ಇಳಿದರೆ ಅಲ್ಲಿಂದ ಬೆಟ್ಟದ ಬುಡಕ್ಕೆ ಆಟೊ, ಬಸ್ಸು ಸಿಗುತ್ತವೆ. ರೈಲಿನಲ್ಲಿ ಬರುವವರಿಗೆ ನಿಡವಂದ ನಿಲ್ದಾಣ ಹತ್ತಿರ. ಮಳೆ ಮುಗಿದ ಮೇಲಿನ ತಿಂಗಳುಗಳು, ಅಂದರೆ ಅಕ್ಟೋಬರಿನಿಂದ ಫೆಬ್ರುವರಿ, ಅತ್ಯುತ್ತಮ. ಜೋರು ಮಳೆಯ ದಿನ ಬೇಡ. ಒದ್ದೆ ಬಂಡೆಯ ಮೇಲೆ ಎಂಥ ಗಟ್ಟಿ ಕಾಲೂ ಜಾರುತ್ತದೆ.

ಊರು ಚಿಕ್ಕದು. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಗೆ ಸೇರಿದ್ದು. ವಾಹನದಿಂದ ಇಳಿದವರೆಲ್ಲ ನೇರವಾಗಿ ಮೆಟ್ಟಿಲ ಕಡೆ ನಡೆದುಬಿಡುತ್ತಾರೆ. ಹಾಗೆ ಮಾಡದೆ ಮೊದಲು ಬುಡದಲ್ಲೇ ಅರ್ಧ ಗಂಟೆ ಸುತ್ತಾಡಿ. ಒಂದು ಬೆಟ್ಟದ ಬುಡದಲ್ಲಿ ಎಷ್ಟು ಪರಂಪರೆಗಳು ಒಟ್ಟಿಗೆ ಬದುಕಿವೆ ಎಂಬುದನ್ನು ನೋಡಬೇಕಾದರೆ ಇದೇ ಸರಿಯಾದ ಜಾಗ. ಇಲ್ಲಿ ವೀರಶೈವರ ಮೇಲಣಗವಿ ಮಠವಿದೆ, ಶಾರದಾ ಪೀಠವಿದೆ, ಗವಿಯೊಳಗೆ ಗಂಗಾಧರೇಶ್ವರನೂ ಹೊನ್ನಾದೇವಿಯೂ ಇದ್ದಾರೆ. ಶೈವರ ಈ ಬೆಟ್ಟಕ್ಕೆ ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಜೈನ ರಾಣಿ ಬಂದು ಇಲ್ಲೇ ಕೊನೆಯುಸಿರೆಳೆದಳು. ಆಕೆಯ ಮಾತು ಮುಂದೆ ಬರುತ್ತದೆ. ಸ್ಥಳಪುರಾಣ ಈ ಬೆಟ್ಟವನ್ನು ಕಕುದ್ಗಿರಿ ಎನ್ನುತ್ತದೆ, ಭಕ್ತರು ದಕ್ಷಿಣಕಾಶಿ ಎನ್ನುತ್ತಾರೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂದು ಸುತ್ತಲ ಹಳ್ಳಿಗಳವರು ತೋರಿಸುತ್ತಾರೆ. ಸಮಯವಿದ್ದರೆ ಹಳ್ಳಿಯ ರಸ್ತೆಗಳಲ್ಲಿ ಬೆಟ್ಟವನ್ನು ಒಂದು ಸುತ್ತು ಹಾಕಿ ನೀವೇ ನೋಡಿ. ಬೆಟ್ಟ ದಿಕ್ಕುದಿಕ್ಕಿಗೂ ರೂಪ ಬದಲಿಸುವುದಂತೂ ನಿಜ.

ಬುಡದ ಕೊಳಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಅಗಸ್ತ್ಯ ತೀರ್ಥ, ಕಣ್ವ ತೀರ್ಥ, ಕಪಿಲ ತೀರ್ಥ ಎಂದು ಋಷಿಗಳ ಹೆಸರು ಹೊತ್ತ ನೀರಿನ ನೆಲೆಗಳು ಈ ಬೆಟ್ಟದ ಸುತ್ತ ಇವೆ. ಹಿಂದಿನವರು ನೀರಿರುವ ಕಡೆಯಲ್ಲೆಲ್ಲ ಒಬ್ಬ ಋಷಿಯನ್ನು ಕೂರಿಸಿದ್ದರಲ್ಲಿ ದೊಡ್ಡ ಜಾಣ್ಮೆಯಿದೆ. ಋಷಿಯ ಹೆಸರಿರುವ ಕೊಳಕ್ಕೆ ಕಸ ಹಾಕಲು ಕೈ ಹಿಂಜರಿಯುತ್ತದೆ, ಹೂಳು ತುಂಬಿದರೆ ಊರಿಗೆ ನೋವಾಗುತ್ತದೆ. ಬಯಲುಸೀಮೆಯ ಕೊಳ, ಕಲ್ಯಾಣಿಗಳು ನೂರಾರು ವರ್ಷ ಉಳಿದು ಬಂದದ್ದು ಬರೀ ಕಲ್ಲಿನ ಮೆಟ್ಟಿಲುಗಳಿಂದಲ್ಲ, ಇಂಥ ಭಯಭಕ್ತಿಯಿಂದ ಕೂಡ.

ಗಂಗಾಧರೇಶ್ವರನ ಗುಡಿ ಬೆಟ್ಟದ ಮೈಯಲ್ಲೇ ಇರುವ ಗವಿ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೊದಲು ತಗಲುವುದು ತಂಪು. ಇಲ್ಲಿಯ ತುಪ್ಪದ ಅಭಿಷೇಕ ನಾಡಿಗೆಲ್ಲ ಗೊತ್ತು: ಲಿಂಗದ ಮೇಲೆ ತುಪ್ಪ ಹಾಕಿ ಉಜ್ಜುತ್ತ ಹೋದರೆ ಅದು ಬೆಣ್ಣೆಯಾಗುತ್ತದೆ ಎನ್ನುತ್ತಾರೆ, ಆ ಬೆಣ್ಣೆಯನ್ನು ಪ್ರಸಾದವೆಂದು ಮನೆಗೆ ಒಯ್ಯುತ್ತಾರೆ. ಸಾಲಿನಲ್ಲಿ ನಿಂತು ಅದನ್ನು ಕಣ್ಣಾರೆ ನೋಡಿ. ತಣ್ಣನೆಯ ಕಲ್ಲು, ತಣ್ಣೀರು, ಉಜ್ಜುವ ಕೈ ಇವುಗಳ ನಡುವೆ ಕೊಬ್ಬು ಹೆಪ್ಪುಗಟ್ಟಿ ಬೆಳ್ಳಗಾಗುವುದನ್ನು ಅಡುಗೆಮನೆ ಬಲ್ಲವರು ಊಹಿಸಬಲ್ಲರು. ಹಾಗೆ ಊಹಿಸಿದ ಮಾತ್ರಕ್ಕೆ ಆ ಗವಿಯ ಕತ್ತಲಲ್ಲಿ ದೀಪದ ಬೆಳಕಿಗೆ ಅದು ಬಣ್ಣ ತಿರುಗುವ ಕ್ಷಣದ ಸೊಗಸು ಕಡಿಮೆಯಾಗುವುದಿಲ್ಲ.

ಬೆಂಗಳೂರಿನವರು ಈ ಗುಡಿಯಲ್ಲಿ ತಪ್ಪದೆ ಹುಡುಕಬೇಕಾದದ್ದು ಒಂದಿದೆ. ತಮ್ಮ ಊರನ್ನು ಕಟ್ಟಿದ ಕೆಂಪೇಗೌಡರ ಲೋಹದ ಪ್ರತಿಮೆಯನ್ನು, ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1609ರಲ್ಲಿ ಇಲ್ಲಿ ನಿಲ್ಲಿಸಲಾಯಿತು. ವಿಮಾನ ನಿಲ್ದಾಣದ ಬಳಿ ಇಂದು ನೂರಕ್ಕೂ ಹೆಚ್ಚು ಅಡಿ ಎತ್ತರದ ಪ್ರತಿಮೆ ನಿಂತಿದೆ. ನಾಲ್ಕು ಶತಮಾನದ ಹಿಂದೆ ತನ್ನವರೇ ಮಾಡಿಸಿದ, ದೇವರ ಮುಂದೆ ಕೈಮುಗಿದ ಭಕ್ತನ ರೂಪ ಇಲ್ಲಿದೆ. ಬೆಂಗಳೂರಿನ ಕೆರೆಗಳನ್ನು ಕಟ್ಟಿಸಿದ ಮನೆತನಕ್ಕೆ ಈ ನೀರಿನ ಬೆಟ್ಟದ ಮೇಲೆ ಇದ್ದ ಅಕ್ಕರೆ ನನಗೆ ಆಕಸ್ಮಿಕವೆನಿಸುವುದಿಲ್ಲ. ಇಲ್ಲಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಗೆ ಸುರಂಗವಿದೆ ಎಂಬ ಕಥೆಯನ್ನೂ ನೀವು ಕೇಳುತ್ತೀರಿ. ಅಷ್ಟು ಉದ್ದದ ಸುರಂಗ ಇರಲಾರದು. ಆದರೆ ಎರಡು ಗವಿಗಳಿಗೂ ಒಂದೇ ದೇವರು, ಎರಡು ಊರುಗಳಿಗೂ ಒಂದೇ ಒಡೆಯರ ಮನೆತನ ಇದ್ದುದನ್ನು ಜನ ಹೀಗೆ ನೆನಪಿಟ್ಟುಕೊಂಡಿದ್ದಾರೆ.

ಇನ್ನು ನೀರಿನ ವಿಷಯ. ಗವಿಯೊಳಗಿನ ನೀರಿನ ನೆಲೆಯಾದ ಪಾತಾಳಗಂಗೆಯನ್ನು ನೋಡಿದ ಮೇಲೆ, ಇನ್ನೂ ಮೇಲಿನ ಒಳಕಲ್ಲು ತೀರ್ಥ ಮುಟ್ಟುವ ಮೊದಲು, ದಾರಿಯ ಪಕ್ಕದ ಯಾವುದಾದರೂ ಬಂಡೆಯ ನೆರಳಲ್ಲಿ ಕುಳಿತು ಈ ಕಲ್ಲನ್ನೇ ಸ್ವಲ್ಪ ಗಮನವಿಟ್ಟು ನೋಡಿ.

ರಾಮನಗರ, ಸಾವನದುರ್ಗ, ಶಿವಗಂಗೆ, ಮಧುಗಿರಿ ಹೀಗೆ ದಕ್ಷಿಣದಿಂದ ಉತ್ತರಕ್ಕೆ ಹಬ್ಬಿದ ಕಲ್ಲುಬೆಟ್ಟಗಳ ಸಾಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರಿನಿಂದ ಗುರುತಿಸುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಹೆಸರು ಕ್ಲೋಸ್‌ಪೇಟೆ. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಆಳದಲ್ಲಿ ಕುದಿಯುವ ಶಿಲಾಪಾಕ ನಿಧಾನವಾಗಿ ತಣಿದು ಗಟ್ಟಿಯಾದದ್ದು, ಮೇಲಿನ ಹೊದಿಕೆ ಯುಗಯುಗಗಳಲ್ಲಿ ಸವೆದು ಹೋದ ಮೇಲೆ ಹೊರಗೆ ಬಂತು. ತಲೆಯ ಮೇಲಿನ ಭಾರ ಇಳಿದಂತೆ ಬಂಡೆ ಹಿಗ್ಗುತ್ತದೆ, ಹಿಗ್ಗಿದಂತೆ ಅದರ ಮೈ ಈರುಳ್ಳಿಯ ಸಿಪ್ಪೆಯ ಹಾಗೆ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಶಿವಗಂಗೆಯ ನುಣ್ಣನೆಯ ಉಬ್ಬು ಮೈ, ಅಲ್ಲಲ್ಲಿ ಕಳಚಿ ನಿಂತ ದೊಡ್ಡ ಚಪ್ಪಡಿಗಳು, ಒಂದರ ಮೇಲೊಂದು ಒರಗಿ ಗವಿಗಳಾದ ಗುಂಡುಗಳು ಎಲ್ಲವೂ ಹೀಗೆ ಆದವೇ.

ಈ ಕಲ್ಲು ನೀರು ಹೀರುವುದಿಲ್ಲ. ಮಣ್ಣಿನಂತೆ, ಮರಳುಗಲ್ಲಿನಂತೆ ಇದರ ಮೈಯಲ್ಲಿ ರಂಧ್ರಗಳಿಲ್ಲ. ಮಳೆ ಬಿದ್ದರೆ ಬಹುಪಾಲು ನೀರು ಬಂಡೆಯ ಮೇಲಿನಿಂದ ಜಾರಿ ನೇರ ಕೆಳಗೆ ಓಡುತ್ತದೆ. ಆದರೆ ಪದರಗಳ ನಡುವೆ ಸಂದುಗಳಿವೆ, ಅವನ್ನು ಅಡ್ಡಕ್ಕೆ ಕತ್ತರಿಸುವ ಉದ್ದುದ್ದ ಸೀಳುಗಳಿವೆ. ಒಂದು ಪಾಲು ನೀರು ಆ ಸೀಳುಗಳಿಗೆ ಇಳಿಯುತ್ತದೆ. ಒಮ್ಮೆ ಇಳಿದರೆ ಹೊರಗೆ ಬರಲು ಅದಕ್ಕೆ ಆತುರವಿಲ್ಲ. ಬಿಸಿಲು ತಾಗದ, ಗಾಳಿಯಾಡದ ಆ ಸಂದುಗಳಲ್ಲಿ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಕೆಳಗಿಳಿಯುತ್ತ, ಎಲ್ಲಿ ಸೀಳು ಒಂದು ಗವಿಯ ನೆಲವನ್ನೋ ಬಂಡೆಯ ಕೊರಕಲನ್ನೋ ಸೇರುತ್ತದೋ ಅಲ್ಲಿ ಜಿನುಗುತ್ತದೆ. ಬಂಡೆಯ ಮೇಲಿನ ತಗ್ಗುಗಳಲ್ಲಿ ನಿಲ್ಲುವ ನೀರು ಬೇರೆ. ಅವು ದೊಣೆಗಳು, ಆಕಾಶಕ್ಕೆ ತೆರೆದವು, ಬೇಸಿಗೆಗೆ ಬತ್ತುತ್ತವೆ. ಗವಿಯೊಳಗಿನ ನೀರು ಬತ್ತದಿರುವುದಕ್ಕೆ ಅದು ನೆರಳಲ್ಲಿದೆ, ಹಿಂದಿನಿಂದ ಸೀಳುಗಳು ಅದಕ್ಕೆ ಹನಿಹನಿಯಾಗಿ ಉಣಿಸುತ್ತಿವೆ ಎಂಬುದೇ ಕಾರಣ.

ಇದನ್ನು ತಿಳಿದುಕೊಂಡು ಒಳಕಲ್ಲು ತೀರ್ಥಕ್ಕೆ ಹೋಗಿ. ಒರಳಿನ ಗುಳಿಯಂಥ ಒಂದು ಕಿಂಡಿ ಬಂಡೆಯಲ್ಲಿದೆ. ಕೈಯನ್ನು ತೋಳಿನವರೆಗೆ ಒಳಗೆ ಇಳಿಬಿಡಬೇಕು. ಬೆರಳಿಗೆ ನೀರು ಸಿಕ್ಕರೆ ಪುಣ್ಯವಂತರು, ಬೇಡಿಕೊಂಡದ್ದು ನೆರವೇರುತ್ತದೆ ಎಂಬುದು ನಂಬಿಕೆ. ಅಲ್ಲಿ ಸಾಲಿನಲ್ಲಿ ನಿಂತಾಗ ಜನರ ಮುಖಗಳನ್ನು ನೋಡಿ. ನೀರು ಸಿಕ್ಕ ಅಜ್ಜಿಯೊಬ್ಬರು ಒದ್ದೆ ಬೆರಳನ್ನು ಮೊಮ್ಮಗಳ ಹಣೆಗೆ ಒತ್ತಿದ್ದನ್ನು ನಾನು ಕಂಡಿದ್ದೇನೆ. ಸಿಗದೆ ಮುಖ ಚಿಕ್ಕದು ಮಾಡಿಕೊಂಡು ಇಳಿದ ಹೊಸ ಮದುಮಕ್ಕಳನ್ನೂ ಕಂಡಿದ್ದೇನೆ. ಸಿಗದವರಿಗೆ ನಾನು ಹೇಳುವುದು ಇಷ್ಟೇ: ನೀರಿನ ಮಟ್ಟ ಆ ವರ್ಷದ ಮಳೆಯನ್ನು ಅವಲಂಬಿಸಿದೆ, ತೋಳಿನ ಉದ್ದ ಒಬ್ಬೊಬ್ಬರದು ಒಂದೊಂದು. ನಿಮ್ಮ ಬದುಕಿನ ಬಗ್ಗೆ ಆ ಕಿಂಡಿ ತೀರ್ಪು ಕೊಟ್ಟಿಲ್ಲ. ಮಕ್ಕಳನ್ನು ಕರೆದೊಯ್ದಿದ್ದರೆ ಇದನ್ನು ಅವರಿಗೆ ತಪ್ಪದೆ ಹೇಳಿ. ಕೈಗೆ ಹಚ್ಚಿದ ಸ್ಯಾನಿಟೈಸರು, ಕ್ರೀಮು ತೊಳೆದುಕೊಂಡು ಕೈ ಇಳಿಬಿಡಿ ಎಂದೂ ಹೇಳಿ. ಅಷ್ಟು ಸಣ್ಣ ನೀರಿನ ನೆಲೆಗೆ ಸಾವಿರಾರು ಕೈಗಳು ಇಳಿಯುತ್ತವೆ.

ಇಲ್ಲಿಂದ ಮೇಲೆ ದಾರಿ ಕಡಿದಾಗುತ್ತದೆ. ಮೆಟ್ಟಿಲುಗಳು ಬಂಡೆಯನ್ನೇ ಕೊರೆದವು, ಕಿರಿದು, ಕೆಲವೆಡೆ ಏಣಿಯಷ್ಟು ನೆಟ್ಟಗೆ. ಕಬ್ಬಿಣದ ಕಂಬಿ ಹಿಡಿದೇ ಏರಬೇಕು. ಮಂಡಿ ನೋವಿರುವವರು, ಎತ್ತರದ ಭಯವಿರುವವರು ಒಳಕಲ್ಲು ತೀರ್ಥದಿಂದಲೇ ಹಿಂದಿರುಗಿದರೂ ಏನೂ ಕಳೆದುಕೊಳ್ಳುವುದಿಲ್ಲ, ಏಕೆಂದರೆ ಬೆಟ್ಟದ ಮುಖ್ಯ ಕಥೆ ಆಗಲೇ ಕೈಗೆ ಸಿಕ್ಕಿರುತ್ತದೆ. ಏರುವವರು ಬೆಳಿಗ್ಗೆ ಬೇಗ ಏರಬೇಕು. ಹತ್ತು ಗಂಟೆಯ ನಂತರ ಬಂಡೆ ಕಾಯುತ್ತದೆ, ನೆರಳಿಲ್ಲ. ಕೋತಿಗಳ ಕಾಟ ಬಹಳ. ಕೈಯಲ್ಲಿ ಚೀಲ ನೇತಾಡಬಾರದು, ತಿನಿಸು ಕಾಣಿಸಬಾರದು, ಬಣ್ಣದ ತಂಪು ಪಾನೀಯದ ಬಾಟಲಿಯಂತೂ ಬೇಡವೇ ಬೇಡ. ಅವಕ್ಕೆ ಕೊಡುವ ಅಭ್ಯಾಸ ನಾವೇ ಮಾಡಿದ್ದು, ಅದನ್ನು ಬಿಡಿಸಬೇಕಾದವರೂ ನಾವೇ. ದಾರಿಯ ಅಂಗಡಿಗಳಲ್ಲಿ ಮಜ್ಜಿಗೆ, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಸಿಗುತ್ತದೆ, ಅಲ್ಲೇ ನಿಂತು ತಿಂದು ಮುಂದೆ ಹೋಗಿ. ಕೆಳಗಿನಿಂದ ಸಾಮಾನು ಹೊತ್ತು ತರುವ ಆ ಅಂಗಡಿಗಳ ಹೆಂಗಸರಿಗೆ ನೀವು ಕೊಡುವ ಹತ್ತಿಪ್ಪತ್ತು ರೂಪಾಯಿ ನೇರವಾಗಿ ಊರಿನ ಮನೆಗೆ ಹೋಗುತ್ತದೆ.

ಉಸಿರು ತೆಗೆದುಕೊಳ್ಳಲು ನಿಂತಾಗ ಸುತ್ತಲ ಕುರುಚಲನ್ನು ನೋಡಿ. ಬಯಲುಸೀಮೆಯ ಕಲ್ಲುಬೆಟ್ಟಗಳ ಹುಲ್ಲು, ಮುಳ್ಳು, ಪೊದೆಗಳನ್ನು ನಾವು ಪಾಳು ಎಂದು ಬಗೆಯುತ್ತೇವೆ, ಸರ್ಕಾರದ ಕಡತಗಳಲ್ಲೂ ಇಂಥ ನೆಲ ಬಹುಕಾಲ ಬಂಜರು ಎಂದೇ ದಾಖಲಾಗಿದೆ. ಬ್ರಿಟನ್ನಿನಲ್ಲಿ ಇಂಥದೇ ಮರವಿಲ್ಲದ, ಗಾಳಿ ಬೀಸುವ ಹುಲ್ಲುಗುಡ್ಡಗಳನ್ನು ನೋಡಲೆಂದೇ ಜನ ಊರೂರುಗಳಿಂದ ಬರುತ್ತಾರೆ, ಡಾರ್ಟ್‌ಮೂರ್, ಯಾರ್ಕ್‌ಶೈರಿನ ಗುಡ್ಡಗಾಡುಗಳು ರಾಷ್ಟ್ರೀಯ ಉದ್ಯಾನಗಳಾಗಿ ಕಾಪಾಡಲ್ಪಟ್ಟಿವೆ. ನಮ್ಮ ಕುರುಚಲಿಗೆ ಆ ಗೌರವ ಇನ್ನೂ ಬಂದಿಲ್ಲ. ಆದರೆ ಬಂಡೆಯ ಸೀಳಿಗೆ ನೀರು ಇಳಿಯಬೇಕಾದರೆ ಅದನ್ನು ಒಂದು ಕ್ಷಣ ತಡೆದು ನಿಲ್ಲಿಸುವುದು ಈ ಹುಲ್ಲಿನ ಬೇರೇ. ಹಳದಿ ಕತ್ತಿನ ಪಿಕಳಾರ ಎಂಬ ಹಕ್ಕಿ ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳ ಪೊದೆಗಳಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಂದಿಬೆಟ್ಟದಲ್ಲಿ, ದೇವರಾಯನದುರ್ಗದಲ್ಲಿ ಅದನ್ನು ನೋಡಲು ದೂರದೂರದಿಂದ ಪಕ್ಷಿವೀಕ್ಷಕರು ಬರುತ್ತಾರೆ. ಫೆಬ್ರುವರಿ ಮಾರ್ಚಿನಲ್ಲಿ ಒಣಗಿದ ಹುಲ್ಲಿಗೆ ಒಂದು ಬೀಡಿಯ ತುಂಡು ಸಾಕು, ಇಡೀ ಇಳಿಜಾರು ಉರಿದುಹೋಗುತ್ತದೆ. ಆ ತಿಂಗಳುಗಳಲ್ಲಿ ಬರುವವರು ಬೆಂಕಿಕಡ್ಡಿಯನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ಕೈಮುಗಿದು ಕೇಳುತ್ತೇನೆ.

ತುದಿಗೆ ಸ್ವಲ್ಪ ಮೊದಲು ಬಂಡೆಯ ಅಂಚಿನಲ್ಲಿ ಕೂತ ನಂದಿ ಸಿಗುತ್ತದೆ. ಬೇರೆಲ್ಲಿಂದಲೋ ತಂದು ಕೂರಿಸಿದ್ದಲ್ಲ, ಇದ್ದ ಬಂಡೆಯನ್ನೇ ಕಡೆದದ್ದು. ಸುತ್ತು ಬರುವ ಜಾಗ ಕಿರಿದು, ಕೆಳಗೆ ಪ್ರಪಾತ. ಸಾಲು ತಪ್ಪಿಸಿ ನುಗ್ಗಬೇಡಿ. ಇಂಥ ಕಡೆ ನಿಂತು ಉಳಿ ಹಿಡಿದ ಆ ಶಿಲ್ಪಿ ಯಾರೋ, ಹೆಸರು ಉಳಿದಿಲ್ಲ.

ಶಿಖರದಲ್ಲಿ ತೀರ್ಥಕಂಬವಿದೆ. ಮಕರ ಸಂಕ್ರಾಂತಿಯ ಮುಂಜಾನೆ ಈ ಕಂಬದ ಬಳಿ ಗಂಗೋತ್ಪತ್ತಿಯಾಗುತ್ತದೆ, ಕಲ್ಲಿನಲ್ಲಿ ನೀರು ಕಾಣಿಸಿಕೊಳ್ಳುತ್ತದೆ ಎಂಬುದು ಭಕ್ತರ ನಂಬಿಕೆ. ಆ ತೀರ್ಥವನ್ನು ಕೆಳಗೆ ತಂದು ಗಂಗಾಧರೇಶ್ವರನ ಕಲ್ಯಾಣೋತ್ಸವ ನಡೆಸುತ್ತಾರೆ. ಜಾತ್ರೆ ಅದೇ ಸಮಯಕ್ಕೆ, ಜೊತೆಗೆ ದನಗಳ ಪರಿಷೆ. ಹಳ್ಳಿಕಾರ್ ಹೋರಿಗಳ ಕೊಂಬಿಗೆ ಬಣ್ಣ ಹಚ್ಚಿ, ಕುತ್ತಿಗೆಗೆ ಗೆಜ್ಜೆ ಕಟ್ಟಿ ರೈತರು ತರುತ್ತಾರೆ. ಜನಜಂಗುಳಿ ಇಷ್ಟವಿರುವವರು ಸಂಕ್ರಾಂತಿಗೇ ಬರಬೇಕು. ಜನವರಿಯ ಮಧ್ಯದಲ್ಲಿ, ಮಳೆ ನಿಂತು ಎರಡು ತಿಂಗಳಾದ ಮೇಲೆ, ಬೆಟ್ಟದ ನೆತ್ತಿಯಲ್ಲಿ ಒಂದು ಹನಿ ಕಾಣಿಸಿದ್ದಕ್ಕೆ ಇಡೀ ಸೀಮೆ ಹಬ್ಬ ಮಾಡುತ್ತದೆ. ನೀರಿನ ಬೆಲೆ ಗೊತ್ತಿರುವ ಸೀಮೆಗೆ ಮಾತ್ರ ಇಂಥ ಹಬ್ಬ ಹುಟ್ಟುತ್ತದೆ ಎಂದು ನನ್ನ ನಂಬಿಕೆ.

ತುದಿಯ ಒಂದು ಅಂಚನ್ನು ಶಾಂತಲಾ ಡ್ರಾಪ್ ಎಂದು ತೋರಿಸುತ್ತಾರೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಇಲ್ಲಿಂದ ಹಾರಿಕೊಂಡಳು ಎಂಬುದು ಜನಜನಿತ ಕಥೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆಕೆ ಕಥೆಯ ಹೆಣ್ಣಲ್ಲ, ನಿಜವಾಗಿ ಬದುಕಿದವಳು. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ಹಾಡು, ಕುಣಿತಗಳಲ್ಲಿ ನಿಪುಣೆ ಎಂದು ಶಾಸನಗಳು ಹೊಗಳಿದವಳು. 1131ರಲ್ಲಿ ಆಕೆ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳು, ಅಂದರೆ ತೀರಿಕೊಂಡಳು, ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ವ್ರತ ಹಿಡಿದು, ಅನ್ನ ತೊರೆದು ಪ್ರಾಣ ಬಿಟ್ಟಳೆಂದೂ ಹೇಳುತ್ತದೆ. ಬೆಟ್ಟದಿಂದ ಹಾರಿದಳು ಎಂದು ಶಾಸನ ಹೇಳುವುದಿಲ್ಲ. ಜೈನ ಧರ್ಮದ ಸಲ್ಲೇಖನ ವ್ರತದಿಂದ ದೇಹ ಬಿಟ್ಟಿರಬಹುದು ಎಂದು ಕೆಲವರು ವಾದಿಸುತ್ತಾರೆ. ಕೆ.ವಿ. ಅಯ್ಯರ್ ಅವರ 'ಶಾಂತಲಾ', ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ' ಕಾದಂಬರಿಗಳು ಆಕೆಯನ್ನು ನಮ್ಮ ಮನೆಮನೆಗೆ ತಂದವು. ಆಕೆಯ ಸಾವಿಗಿಂತ ಬದುಕು ದೊಡ್ಡದಾಗಿತ್ತು. ಹಾಗಾಗಿ ಆ ಅಂಚಿಗೆ ಕಾಲು ಚಾಚಿ ಕೂತು ಚಿತ್ರ ತೆಗೆಸಿಕೊಳ್ಳುವ ಬದಲು, ಬೇಲಿಯ ಈಚೆ ನಿಂತು, ಬೇಲೂರು ದೇಗುಲ ಎದ್ದ ಕಾಲದಲ್ಲಿ ರಾಜಧಾನಿಯಲ್ಲಿದ್ದ ಈ ಹೆಂಗಸು ಇಷ್ಟು ದೂರದ ಬೆಟ್ಟಕ್ಕೆ ತನ್ನ ಕೊನೆಗಾಲದಲ್ಲಿ ಏಕೆ ಬಂದಳು ಎಂದು ಯೋಚಿಸಿ. ಅಂದಿಗೇ ಇದು ಹೆಸರಾದ ತೀರ್ಥವಾಗಿತ್ತು ಎಂಬುದಂತೂ ಆ ಶಾಸನದಿಂದ ಖಚಿತ.

ಇಳಿದು ಬಂದು ಊಟ ಮಾಡಿದ ಮೇಲೆ ಮಧ್ಯಾಹ್ನ ಉಳಿದಿರುತ್ತದೆ. ಹೆದ್ದಾರಿಯಲ್ಲಿ ಮುಂದೆ ಹೋದರೆ ನಿಜಗಲ್ಲಿನ ಕೋಟೆಯ ಬೆಟ್ಟ. 1770ರಲ್ಲಿ ಪೇಶ್ವೆ ಮಾಧವರಾವ್ ಮರಾಠ ಸೈನ್ಯದೊಡನೆ ಮುತ್ತಿಗೆ ಹಾಕಿದ, ಚಿತ್ರದುರ್ಗದ ನಾಯಕರ ಬೇಡ ಪಡೆ ಲಗ್ಗೆಯೇರಿದ ಕೋಟೆ ಇದು. ಮಾಸ್ತಿಯವರ 'ನಿಜಗಲ್ಲಿನ ರಾಣಿ' ಕಥೆಯನ್ನು ಹೋಗುವ ಮೊದಲು ಓದಿಕೊಂಡರೆ ಒಳ್ಳೆಯದು. ಇನ್ನೊಂದು ದಿಕ್ಕಿಗೆ ಮಣ್ಣೆ. ಎಂಟನೆಯ ಶತಮಾನದಲ್ಲಿ ಗಂಗ ದೊರೆ ಶ್ರೀಪುರುಷನ ಕಾಲಕ್ಕೆ ಮಾನ್ಯಪುರವೆಂಬ ರಾಜಧಾನಿಯಾಗಿದ್ದ ಊರು ಇಂದು ಹಳ್ಳಿ, ಕಪಿಲೇಶ್ವರ ಗುಡಿ ಹಾಳು ಬಿದ್ದೂ ಅಂದವಾಗಿದೆ. ತಲಕಾಡು ನೋಡಿದವರಲ್ಲಿ ನೂರಕ್ಕೊಬ್ಬರೂ ಮಣ್ಣೆಗೆ ಬಂದಿರಲಾರರು, ಅದು ಬೇಸರದ ಸಂಗತಿ. ಸಿದ್ಧಗಂಗೆ, ದೇವರಾಯನದುರ್ಗದ ಬುಡದ ನಾಮದ ಚಿಲುಮೆ ಎರಡೂ ತುಮಕೂರಿನ ದಿಕ್ಕಿನಲ್ಲಿವೆ. ಇವೆರಡರಲ್ಲೂ ಬಂಡೆಯಿಂದ ನೀರು ಹೊಮ್ಮಿಸಿದ ಕಥೆಗಳೇ: ಒಂದು ಕಡೆ ಸಿದ್ಧರು, ಇನ್ನೊಂದು ಕಡೆ ನಾಮ ಹಚ್ಚಿಕೊಳ್ಳಲು ನೀರಿಲ್ಲದೆ ಬಾಣ ಹೂಡಿದ ರಾಮ. ದಾರಿಯ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗಬೇಡಿ.

ಆದರೆ ಒಂದೇ ಮಧ್ಯಾಹ್ನವಿದ್ದರೆ ನಾನು ಕುಮುದ್ವತಿಯನ್ನೇ ಆರಿಸುತ್ತೇನೆ.

ಶಿವಗಂಗೆಯ ಮೇಲೆ ಬಿದ್ದು, ಸೀಳಿಗೆ ಇಳಿಯದೆ ಜಾರಿ ಬಂದ ನೀರು ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಈ ಹೊಳೆ. ಶಿವಗಂಗೆಯ ಬುಡದಲ್ಲಿ ಹುಟ್ಟುವ ಕುಮುದ್ವತಿ ನೆಲಮಂಗಲ, ಮಾಗಡಿ ತಾಲ್ಲೂಕುಗಳ ಕೆರೆಗಳನ್ನು ಒಂದರಿಂದೊಂದಕ್ಕೆ ತುಂಬಿಸುತ್ತ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ನಂದಿಬೆಟ್ಟದಿಂದ ಬರುತ್ತದೆ, ಮುಂದೆ ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಈ ಎರಡು ಹೊಳೆಗಳ ಕೂಡುವಿಕೆಯಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ, ಅಂದರೆ ಚಾಮರಾಜ ಸಾಗರ, 1933ರಿಂದ ಬೆಂಗಳೂರಿಗೆ ನೀರು ಕೊಟ್ಟಿತು. 1974ರಲ್ಲಿ ಕಾವೇರಿ ನೀರು ನಗರಕ್ಕೆ ಬರುವವರೆಗೆ ಬೆಂಗಳೂರಿನ ದೊಡ್ಡ ಆಸರೆ ಇದೇ. ನಮ್ಮ ಅಜ್ಜಂದಿರ ಕಾಲದ ಮಲ್ಲೇಶ್ವರ, ಬಸವನಗುಡಿಯ ಬಿಂದಿಗೆಗಳಲ್ಲಿ ತುಂಬಿದ ನೀರಿನಲ್ಲಿ ಶಿವಗಂಗೆಯ ಒಂದು ಪಾಲಿತ್ತು. ಒಳಕಲ್ಲಿನಲ್ಲಿ ಬೆರಳ ತುದಿಗೆ ಹನಿ ಸಿಗಲೆಂದು ಬೇಡಿಕೊಳ್ಳುವ ಬೆಂಗಳೂರಿಗರಿಗೆ, ಅದೇ ಬೆಟ್ಟದ ನೀರನ್ನು ತಮ್ಮ ಹಿರಿಯರು ಕೊಡಗಟ್ಟಲೆ ಕುಡಿದಿದ್ದರು ಎಂಬುದು ಗೊತ್ತಿರಬೇಕಲ್ಲವೇ?

ಇಂದು ಆ ಹರಿವು ಸೊರಗಿದೆ. ಕಾರಣಗಳು ಗೂಢವೇನಲ್ಲ. ಜಲಾನಯನದ ತುಂಬ ನೀಲಗಿರಿ ತೋಪುಗಳು ಎದ್ದವು. ಅವುಗಳ ಬೇರು ಆಳದ ತೇವವನ್ನೂ ಎಳೆಯುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸುವ ಹೊತ್ತಿಗೆ ತಡವಾಗಿತ್ತು. ಕೊಳವೆಬಾವಿಗಳು ವರ್ಷ ವರ್ಷ ಆಳಕ್ಕೆ ಇಳಿದು, ಹೊಳೆಗೆ ಕಸುವು ಕೊಡುತ್ತಿದ್ದ ಅಂತರ್ಜಲವನ್ನು ಮೊದಲೇ ಎತ್ತಿಬಿಟ್ಟವು. ಹೊಳೆಯ ಮರಳು ಲಾರಿ ಹತ್ತಿತು. ಕೆರೆಗಳಿಗೆ ನೀರು ತರುವ ರಾಜಕಾಲುವೆಗಳ ಮೇಲೆ ಬಡಾವಣೆ, ಗೋದಾಮುಗಳು ಬಂದವು. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಕಾಪಾಡಲು 2003ರಲ್ಲಿ ಸರ್ಕಾರ ಸಂರಕ್ಷಿತ ವಲಯಗಳನ್ನು ಗುರುತಿಸಿ ಆದೇಶ ಹೊರಡಿಸಿತ್ತು, ಮುಂದೆ ಅದರ ಬಿಗಿಯನ್ನು ಸಡಿಲಿಸಲಾಯಿತು. ಇತ್ತ ಬೆಂಗಳೂರು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿಗೂ ಹೆಚ್ಚು ಎತ್ತರಕ್ಕೆ ಕಾವೇರಿಯನ್ನು ವಿದ್ಯುತ್ ಸುಟ್ಟು ಎಳೆದುಕೊಳ್ಳುತ್ತಿದೆ. ಕುಮುದ್ವತಿ ಕಣಿವೆಯ ಎಷ್ಟೋ ಹಳ್ಳಿಗಳಲ್ಲಿ ಇಂಗುಬಾವಿ, ತಡೆಗೋಡೆ, ಹಳೆಯ ಕಲ್ಯಾಣಿಗಳ ಹೂಳೆತ್ತುವ ಕೆಲಸ ನಡೆದಿದೆ. ಅದನ್ನು ಮಾಡಿದ ಊರಿನವರು ಅಭಿನಂದನೆಗೆ ಅರ್ಹರು, ಆದರೆ ಕಣಿವೆಯ ಮೇಲಿನ ಒತ್ತಡಕ್ಕೆ ಹೋಲಿಸಿದರೆ ಅದು ಇನ್ನೂ ಸಾಲದು.

ಪ್ರವಾಸಿ ಇದಕ್ಕೆ ಏನು ಮಾಡಬಲ್ಲ ಎಂದು ಕೇಳಬಹುದು. ಕೆಲವನ್ನಂತೂ ಮಾಡಬಲ್ಲ. ಬೆಟ್ಟದ ಮೇಲೆ ಬಿಟ್ಟ ಒಂದೊಂದು ಪ್ಲಾಸ್ಟಿಕ್ ಬಾಟಲಿಯೂ ಮೊದಲ ಜೋರು ಮಳೆಗೆ ಉರುಳಿ ಕುಮುದ್ವತಿಯ ತೊರೆ ಸೇರಬಹುದು. ಒಯ್ದದ್ದನ್ನು ವಾಪಸು ತರಬೇಕು, ಎದುರಿಗೆ ಬಿದ್ದಿರುವ ಒಂದೆರಡನ್ನು ಎತ್ತಿಕೊಂಡು ಬಂದರೆ ಇನ್ನೂ ಒಳ್ಳೆಯದು. ಪೂಜೆಯ ಹೂವು, ಕವರು, ಕರ್ಪೂರದ ಡಬ್ಬಿಗಳನ್ನು ಕೊಳದ ಮೆಟ್ಟಿಲ ಮೇಲೆ ಬಿಡಬಾರದು. ಬೆಟ್ಟದ ಸುತ್ತ ತೋಟದ ಮನೆ ಕಟ್ಟಲು ಜಾಗ ಹುಡುಕುವವರು ಈಗ ಬಹಳ. ಅಂಥವರು ನಿವೇಶನದ ಮೇಲಿನಿಂದ ಮಳೆನೀರಿನ ಹಳ್ಳ ಹಾದು ಹೋಗುತ್ತದೆಯೇ ಎಂದು ಹಳ್ಳಿಯ ಹಿರಿಯರನ್ನು ಕೇಳಿ ತಿಳಿದು, ಹಾದು ಹೋಗುವುದಾದರೆ ಆ ಜಾಗವನ್ನು ಬಿಟ್ಟುಬಿಡಬೇಕು. ಶಾಲೆಯ ಮಕ್ಕಳನ್ನು ಕರೆತರುವ ಮೇಷ್ಟರುಗಳು ಒಳಕಲ್ಲು ತೀರ್ಥ, ಕುಮುದ್ವತಿ, ತಿಪ್ಪಗೊಂಡನಹಳ್ಳಿ ಈ ಮೂರನ್ನೂ ಒಂದೇ ನಕ್ಷೆಯಲ್ಲಿ ಬರೆಸಿದರೆ ಭೂಗೋಳದ ಒಂದಿಡೀ ಪಾಠ ಮುಗಿಯುತ್ತದೆ.

ಸ್ವಂತ ವಾಹನದಲ್ಲಿ ಬಂದವರು ಹಿಂದಿರುಗುವಾಗ ಹೆದ್ದಾರಿ ಬಿಟ್ಟು ಮಾಗಡಿಯ ಕಡೆಯ ಹಳ್ಳಿ ರಸ್ತೆಗಳನ್ನು ಹಿಡಿಯಿರಿ. ಸಮಯ ಒಂದು ಗಂಟೆ ಹೆಚ್ಚು ಹಿಡಿಯಬಹುದು. ದಾರಿಯುದ್ದಕ್ಕೂ ಕೆರೆಗಳ ಏರಿಗಳು, ತೂಬುಗಳು, ಕೋಡಿಗಳು ಸಿಗುತ್ತವೆ. ಕೆಲವು ತುಂಬಿರುತ್ತವೆ, ಕೆಲವುಗಳ ಅಂಗಳದಲ್ಲಿ ಜಾಲಿ ಬೆಳೆದಿರುತ್ತದೆ. ಎಲ್ಲಾದರೂ ಏರಿಯ ಮೇಲೆ ನಿಲ್ಲಿಸಿ, ದನ ಮೇಯಿಸುವವರನ್ನೋ ಬಟ್ಟೆ ಒಗೆಯುವವರನ್ನೋ ಈ ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವ ವರ್ಷ ಎಂದು ಕೇಳಿ. ಲೆಕ್ಕಪತ್ರ ನೋಡದೆ ಅವರು ಉತ್ತರ ಕೊಡುತ್ತಾರೆ, ಆ ವರ್ಷ ಯಾವ ಹೊಲದಲ್ಲಿ ಏನು ಬೆಳೆದಿತ್ತು ಎಂಬುದನ್ನೂ ಸೇರಿಸಿ.